ಒಂದು ಮಾತ್ರೆ

ಲಿಯೆಪಾಯಾ ಬಂದರಿನ ಹಳೆಯ ಸುಂಕದ ಮನೆ
ಈಗ ಸಂಗೀತದ ಸಭಾಂಗಣ. ಫೆಬ್ರವರಿ.
ಮೂವತ್ತೇಳು ಜನ, ಕೋಟು ಬಿಚ್ಚದೆ ಕೂತಿದ್ದಾರೆ.
ಗೋಡೆಯೊಳಗಿನ ಬಿಸಿನೀರ ಕೊಳವೆ
ತನ್ನದೇ ತಾಳದಲ್ಲಿ ಕೊಟಕೊಟ ಕುಟ್ಟುತ್ತದೆ.
ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ;
ಅವರು ಹೋಗಿ ಎಷ್ಟೋ ಕಾಲವಾದರೂ
ಈ ಗೋಡೆಗೆ ಇನ್ನೂ ಆ ಮುಖವೇ ಇದೆ:
ಏನು ತಂದಿದ್ದೀ? ಬಿಚ್ಚಿ ತೋರಿಸು.

ನನ್ನ ಕೆಲಸ ಹಾಳೆ ತಿರುವುವುದು.
ಪಿಯಾನೋದ ಎಡಕ್ಕೆ, ದೀಪ ತಾಗದ ಸ್ಟೂಲಿನಲ್ಲಿ,
ಇದ್ದೂ ಇಲ್ಲದಂತೆ.
ಕೆಮ್ಮಬಾರದು. ಪಾದ ಆಡಿಸಬಾರದು.
ಮೂಗು ಸೋರಿದರೆ ಸೋರಲಿ.

ಬೆಳಿಗ್ಗೆ ಶ್ರುತಿ ಮಾಡಲು ಬಂದ ಆರ್ವಿಡ್ಸ್
ಕಡಲನ್ನು ಬೈದ: ಉಪ್ಪುಗಾಳಿ ತಂತಿ ನೆಕ್ಕುತ್ತದೆ,
ಸಂಜೆಯವರೆಗೆ ನಿಂತರೆ ನಿಮ್ಮ ಪುಣ್ಯ.
ಸ್ಕೈದ್ರಿತೆ ವಾನಗಾ, ಎಪ್ಪತ್ತೊಂದು ವರ್ಷ,
ಎದೆಬಡಿತಕ್ಕೆಂದು ಡಾಕ್ಟರು ಕೊಟ್ಟ ಮಾತ್ರೆಯನ್ನು
ನೀರಿಲ್ಲದೆ ನುಂಗಿ ಕೂತರು.
ನಡುವಿನ ಆ ತಿರುವನ್ನು ಮೂರು ಸಲ ನುಡಿಸಿದರು:
ಒಮ್ಮೆ ಬಾಗಿಲು ಮುಚ್ಚಿದ ಹಾಗೆ,
ಒಮ್ಮೆ ಮುಚ್ಚಿದ ಬಾಗಿಲಾಚೆ ಯಾರೋ ನಿಂತ ಹಾಗೆ,
ಒಮ್ಮೆ ಸುಮ್ಮನೆ, ಬಟಾಣಿ ಬಿಡಿಸಿದ ಹಾಗೆ.
‘ರಾತ್ರಿ ಯಾವುದು?’ ಕೇಳಿದೆ.
‘ರಾತ್ರಿ ಯಾರು ಬರುತ್ತಾರೋ ನೋಡೋಣ.’
ಜನರ ಬಗ್ಗೆ ಹೇಳಿದರೋ, ತಮ್ಮ ಬಗ್ಗೆಯೋ.

ಪುಸ್ತಕ ಅವರ ಗುರುವಿನದು.
ನೂರೈವತ್ತು ವರ್ಷದ ಕೆಳಗೆ, ಬೇರೊಂದು ಊರಲ್ಲಿ,
ನಿದ್ದೆ ಬಾರದ ಯಾರೋ ಬರೆದಿಟ್ಟದ್ದರ ಮೇಲೆ
ಗುರುವಿನ ಕೆಂಪು ಪೆನ್ಸಿಲ್: ಇಲ್ಲಿ ಅಳಬೇಡ.
ಅದರ ಪಕ್ಕ ಇಪ್ಪತ್ತರ ಹುಡುಗಿಯ ನೀಲಿ: ಯಾಕೆ?
ಆಮೇಲೆ ರಬ್ಬರು. ಬರೆದು, ಅಳಿಸಿ, ಬರೆದು, ಅಳಿಸಿ
ಆ ಜಾಗದ ಕಾಗದ ಈರುಳ್ಳಿ ಸಿಪ್ಪೆಯಾಗಿದೆ;
ದೀಪ ಹಚ್ಚಿದರೆ ಮುಂದಿನ ಪುಟದ ಸ್ವರ
ಈ ಪುಟದಲ್ಲೇ ಕಾಣುತ್ತದೆ.

ಕಾಲ ಕದಿಯುವುದು ಈ ಸಂಗೀತದ ಹಳೇ ಚಾಳಿ.
ಬಲಗೈ ಕದ್ದರೆ ಎಡಗೈಗೆ ತಿಳಿಯಬಾರದು,
ಕದ್ದದ್ದನ್ನು ಸಾಲು ಮುಗಿಯುವುದರೊಳಗೆ ತೀರಿಸಿಬಿಡಬೇಕು
ಎಂದು ಶಾಲೆಯಲ್ಲಿ ಕಲಿಸುತ್ತಾರೆ.
ನಾನೂ ಹಾಗೆಯೇ ಕದ್ದು, ಹಾಗೆಯೇ ತೀರಿಸಿ
ಪರೀಕ್ಷೆ ಪಾಸಾದವನು.

ರಾತ್ರಿ ಆ ಪುಟ ಬಂತು.
ಎದ್ದು ನಿಂತೆ, ಮೂಲೆ ಹಿಡಿದೆ.
ಎಡಗೈ ನಡೆಯುತ್ತಿತ್ತು, ಮಂಜಿನಲ್ಲಿ ಮನೆಗೆ ಹೊರಟವರಂತೆ,
ಅವಸರವಿಲ್ಲ, ನಿಲುಗಡೆಯಿಲ್ಲ.
ಬಲಗೈ ಬರಲಿಲ್ಲ.

ಮೂರನೇ ಸಾಲಿನಲ್ಲಿ ಕೈಚೀಲದ ಜಿಪ್ಪು ಎಳೆಯುತ್ತಿದ್ದವಳು
ಅರ್ಧಕ್ಕೇ ಬಿಟ್ಟಳು.
ಹತ್ತಿರದವರನ್ನು ಕರೆಯಲು ಒಂದು ಮಾತ್ರೆ ಸಾಕು.
ಎದುರು ದಡದವರಿಗೆ ಎರಡು.
ತೀರ ದೂರ ಹೋದವರನ್ನು ಕೂಗಲು ಮೂರು;
ಅವರು ಮೂರನ್ನೂ ದಾಟಿ ಕೈ ಎತ್ತಿಯೇ ಹಿಡಿದಿದ್ದರು.
ಉಂಗುರದ ಬೆರಳು ನಡುಗಿದ್ದು ನನಗೊಬ್ಬನಿಗೇ ಕಂಡಿತು.
ಆಮೇಲೆ ಆ ಸ್ವರ. ಮೆಲ್ಲಗೂ ಅಲ್ಲ, ಜೋರೂ ಅಲ್ಲ,
ಕಡಲ ಉಪ್ಪಿಗೆ ಒಂಚೂರು ಶ್ರುತಿ ಇಳಿದದ್ದು.
ಹಾಗೆಯೇ ಬೇಕಿತ್ತು.

ಹಾಳೆ ತಿರುವಿರಲಿಲ್ಲ ನಾನು.
ಅವರಾಗಲೇ ಮುಂದಿನ ಪುಟದ ನಡುವಿದ್ದರು, ಕಣ್ಣು ಮುಚ್ಚಿ.
ಕದ್ದದ್ದನ್ನು ತೀರಿಸಲೇ ಇಲ್ಲ. ಕೊನೆಯವರೆಗೂ.

ಚಪ್ಪಾಳೆಯ ನಂತರ ಬೈಯಲಿಲ್ಲ, ಹೊಗಳಲಿಲ್ಲ;
‘ಹೊಗೆ ಹಾಕಿದ ಮೀನು ಈ ಹೊತ್ತಲ್ಲಿ ಎಲ್ಲಿ ಸಿಗುತ್ತೆ?’ ಎಂದರು.

ರೇಡಿಯೋದವರ ಧ್ವನಿಮುದ್ರಣ ಮರುವಾರ ಕೇಳಿದೆ.
ಆ ಜಾಗ ಅಳೆದೆ: ಒಂದು ಸೆಕೆಂಡು, ಅದರ ಮೇಲೆ ಸ್ವಲ್ಪ.
ಕೊಳವೆಯ ಕುಟ್ಟು ಇದೆ. ಜಿಪ್ಪಿನ ಅರ್ಧ ಸದ್ದೂ ಇದೆ.
ಉಳಿದದ್ದು ಇಲ್ಲ.
ಮೂವತ್ತೇಳು ಕೋಟುಗಳ ಒಳಜೇಬಿನಲ್ಲಿ
ಸುಂಕ ಕಟ್ಟದೆ ದಾಟಿಹೋಗಿರಬೇಕು.